ಹಂಪಿಯಲ್ಲಿ ಗುಡಿಗಳ ನಡುವಿನ ಬಯಲೂ ಮಾತಾಡುತ್ತದೆ

50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ತೇರು ಇದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಹೊಸ ಜಿಲ್ಲೆಗೆ ವಿಜಯನಗರ ಎಂದೇ ಹೆಸರಿಟ್ಟರು. ವಿಜಯನಗರದ ಅರಸರ ರಾಜಧಾನಿಯಾಗಿದ್ದ ಹಂಪಿ ಹಾಳಾಗಿ 450 ವರ್ಷ ದಾಟಿದೆ. ಆದರೂ ಅದು ಯಾರದು, ಯಾತಕ್ಕಾಗಿ ಕಟ್ಟಿದ್ದು ಎನ್ನುವ ಜಗಳ ಇನ್ನೂ ನಿಂತಿಲ್ಲ. ಜಾಲತಾಣದಲ್ಲಿ ಒಬ್ಬರು ಉಗ್ರನರಸಿಂಹನ ಫೋಟೊ ಹಾಕಿ, ಇದು ಧರ್ಮ ಕಾಯಲು ಹುಟ್ಟಿದ ರಾಜ್ಯ ಎಂದು ಬರೆಯುತ್ತಾರೆ. ಅದರ ಕೆಳಗೆ ಇನ್ನೊಬ್ಬರು ಸುಲ್ತಾನರ ಕಟ್ಟಡಗಳನ್ನು ಹೋಲುವ ಕಮಲ ಮಹಲಿನ ಕಮಾನಿನ ಫೋಟೊ ಹಾಕಿ, ಹಾಗಾದರೆ ಇದೇನು ಎಂದು ಕೇಳುತ್ತಾರೆ.

ಇಬ್ಬರೂ ಒಂದೊಂದು ಕಟ್ಟಡವನ್ನು ಊರಿನಿಂದ ಕಿತ್ತು ತಂದು ಸಾಕ್ಷಿ ಹೇಳಿಸುತ್ತಾರೆ. ನನಗೆ ಈ ವಾದ ಶುರುವಾಗುವ ಜಾಗವೇ ಸರಿಯಿಲ್ಲ ಅನ್ನಿಸುತ್ತದೆ. ಯಾವ ಕಟ್ಟಡ ಎಲ್ಲಿ ಕೂರಬೇಕು, ಅದರ ಬಾಗಿಲಿನಿಂದ ಯಾವ ಬೆಟ್ಟ ಕಾಣಬೇಕು, ಯಾವ ದಾರಿ ಎಲ್ಲಿಗೆ ಬಂದು ಸೇರಬೇಕು. ವಿಜಯನಗರದ ಅರಸರು ತಮ್ಮ ರಾಜಕೀಯವನ್ನೂ ಭಕ್ತಿಯನ್ನೂ ಇದರಲ್ಲೇ ಹೇಳಿದ್ದಾರೆ. ಬಿಡಿ ಕಟ್ಟಡ ನೋಡಿದರೆ ಅರ್ಧ ಮಾತು ಮಾತ್ರ ಕೇಳಿಸುತ್ತದೆ.

ನಾನು ಮೊದಲ ಸಲ ಹಂಪಿಗೆ ಹೋಗಿದ್ದು ಶಾಲೆಯ ಪ್ರವಾಸದಲ್ಲಿ. ಬಸ್ ಒಂದೊಂದು ಕಡೆ ನಿಲ್ಲುತ್ತಿತ್ತು, ನಾವು ಇಳಿದು ನೋಡಿ ಮತ್ತೆ ಹತ್ತುತ್ತಿದ್ದೆವು. ವಿಠ್ಠಲ, ವಿರೂಪಾಕ್ಷ, ಆನೆ ಲಾಯ, ರಾಣಿ ಸ್ನಾನಗೃಹ. ಆಮೇಲೆ ಎಷ್ಟೋ ವರ್ಷಕ್ಕೆ ಅದೇ ಊರಲ್ಲಿ ನಡೆದು ಓಡಾಡಿದಾಗ ಬೇರೆಯದೇ ಊರು ಕಂಡಿತು. ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಏನಿದೆ ಎಂದು ಬಸ್ಸಿನ ಕಿಟಕಿಯಿಂದ ಗೊತ್ತೇ ಆಗಿರಲಿಲ್ಲ.

ಮೊದಲು ಜಾಗದ ಆಯ್ಕೆ. 1336ರ ಸುಮಾರಿಗೆ ಸಂಗಮ ವಂಶದ ಹರಿಹರ, ಬುಕ್ಕ ಮತ್ತು ಅವರ ಸೋದರರು ರಾಜ್ಯ ಕಟ್ಟಲು ಹೊರಟಾಗ ಅವರು ಹೊಸಬರು. ಹಳೆಯ ರಾಜಮನೆತನದ ಹೆಸರು ಬೆನ್ನಿಗಿರಲಿಲ್ಲ. ತುಂಗಭದ್ರೆಯ ದಡ ಮಾತ್ರ ಆಗಲೇ ಪುಣ್ಯಸ್ಥಳವಾಗಿತ್ತು. ಪಂಪಾ ಇಲ್ಲಿನ ದೇವಿ. ನದಿಗೂ ಅವಳದೇ ಹೆಸರು. ಅವಳು ತಪಸ್ಸು ಮಾಡಿ ವಿರೂಪಾಕ್ಷನನ್ನು ಮದುವೆಯಾದಳು ಎನ್ನುವ ಕಥೆ ಊರಿನದು. ಹೇಮಕೂಟದ ಮೇಲಿನ ಸಣ್ಣ ಗುಡಿಗಳಲ್ಲಿ ಹಲವು ವಿಜಯನಗರಕ್ಕಿಂತ ಹಳೆಯವು. ಹೊಸ ಅರಸರು ಹೊಸ ದೇವರನ್ನು ತರಲಿಲ್ಲ. ಜನ ಆಗಲೇ ಕೈ ಮುಗಿಯುತ್ತಿದ್ದ ದೇವರ ಮುಂದೆ ತಾವೂ ನಿಂತರು.

ಇದು ಬರೀ ಭಕ್ತಿಯ ವಿಷಯವಲ್ಲ, ಆಡಳಿತದ ವಿಷಯವೂ ಹೌದು. ವಿಜಯನಗರದ ತಾಮ್ರಶಾಸನಗಳನ್ನು ನೋಡಿ. ಶಾಸನ ಸಂಸ್ಕೃತದಲ್ಲಿದ್ದರೂ, ಲಿಪಿ ನಾಗರಿಯಾದರೂ, ಕೊನೆಯಲ್ಲಿ ಅರಸನ ಸಹಿ ಇರಬೇಕಾದ ಜಾಗದಲ್ಲಿ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಅರಸ ತನ್ನ ಹೆಸರು ಹಾಕುವುದಿಲ್ಲ, ದೇವರ ಹೆಸರು ಹಾಕುತ್ತಾನೆ. ರಾಜ್ಯ ವಿರೂಪಾಕ್ಷನದು, ನಾನು ಅವನ ಪರವಾಗಿ ನಡೆಸುವವನು ಎಂದು ಇದರ ಅರ್ಥ. ಹೀಗೆ ಹೇಳಿದ ಅರಸನ ಮಾತನ್ನು ಮೀರುವುದು ಸಾಮಂತನಿಗೆ ಸುಲಭವಲ್ಲ, ಅಲ್ವಾ?

1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಅವನು ವೈಷ್ಣವ ಒಲವಿನವನು, ತಿರುಪತಿಯ ವೆಂಕಟೇಶನ ದೊಡ್ಡ ಭಕ್ತ. ಆದರೂ ಪಟ್ಟಾಭಿಷೇಕದ ನೆನಪಿಗೆ ಅವನು ಕಟ್ಟಿಸಿದ್ದು ವಿರೂಪಾಕ್ಷನ ಗುಡಿಯ ರಂಗಮಂಟಪವನ್ನು. 1510ರ ಶಾಸನ ಅಲ್ಲೇ ಕಲ್ಲಿನಲ್ಲಿದೆ. ಸ್ವಂತ ಇಷ್ಟದೈವ ಬೇರೆಯಿದ್ದರೂ ಪಟ್ಟದ ಋಣ ತೀರಿಸಬೇಕಾದದ್ದು ಊರಿನ ದೇವರಿಗೆ ಎಂದು ಅವನಿಗೆ ಗೊತ್ತಿತ್ತು.

ಗುಡಿಯ ಮುಂದಿನ ಬೀದಿಯೂ ಈ ಲೆಕ್ಕದಲ್ಲೇ ಬರುತ್ತದೆ. ಅಷ್ಟು ಅಗಲದ ಬೀದಿ ಸುಮ್ನೆ ಬಿಟ್ಟಿದ್ದಲ್ಲ, ಅದು ತೇರುಬೀದಿ. ಎರಡೂ ಕಡೆ ಸಾಲುಮಂಟಪ, ಪೂರ್ವದ ತುದಿಯಲ್ಲಿ ದೊಡ್ಡ ನಂದಿ, ಅದರ ಹಿಂದೆ ಮತಂಗ ಬೆಟ್ಟದ ಬುಡ. ವ್ಯಾಪಾರ, ಯಾತ್ರೆ, ದೇವರ ಮದುವೆಯ ಮೆರವಣಿಗೆ ಮೂರೂ ಒಂದೇ ಬೀದಿಯಲ್ಲಿ. ಕೃಷ್ಣ, ಅಚ್ಯುತರಾಯ, ವಿಠ್ಠಲ ಗುಡಿಗಳ ಮುಂದೆಯೂ ಇಂಥದೇ ಬಜಾರು ಬೀದಿಗಳಿವೆ. ದೊಡ್ಡ ಗುಡಿ ಕಟ್ಟುವುದೆಂದರೆ ಅದರ ಜೊತೆ ಒಂದು ಪೇಟೆ, ಒಂದು ಪುಷ್ಕರಣಿ, ಒಂದು ಬಡಾವಣೆಯನ್ನೇ ಕಟ್ಟುವುದು.

ಇನ್ನು ನನಗೆ ತುಂಬಾ ಇಷ್ಟವಾದ ಕಟ್ಟಡಕ್ಕೆ ಬರುತ್ತೇನೆ. ಅದು ಹಜಾರರಾಮ ಗುಡಿ.

ಹೆಸರಿನಲ್ಲೇ ಒಂದು ಸ್ವಾರಸ್ಯ ಇದೆ. ಹಜಾರ ಎಂದರೆ ಸಾವಿರ, ಗೋಡೆಯ ಮೇಲೆ ರಾಮನ ಶಿಲ್ಪ ಅಷ್ಟಿವೆ, ಅದಕ್ಕೇ ಈ ಹೆಸರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಕಡೆ ಮನೆಯ ದೊಡ್ಡ ಪಡಸಾಲೆಗೂ ಹಜಾರ ಅಂತಾರಲ್ಲ, ಆ ಪದವನ್ನು ಇಟ್ಟುಕೊಂಡು ನೋಡಿ. ಅರಮನೆಯ ಹಜಾರದ ರಾಮ. ಈ ಅರ್ಥವೇ ಜಾಗಕ್ಕೆ ಜಾಸ್ತಿ ಹೊಂದುತ್ತದೆ. ಈ ಗುಡಿ ಇರುವುದು ನದಿ ದಡದ ದೊಡ್ಡ ಗುಡಿಗಳ ಸಾಲಿನಲ್ಲಲ್ಲ, ಅರಮನೆಯ ಆವರಣಗಳ ನಟ್ಟನಡುವೆ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಒಂದನೇ ದೇವರಾಯನ ಕಾಲದಲ್ಲಿ ಕಟ್ಟಿದ್ದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ವಿಠ್ಠಲ ಗುಡಿಯ ಪಕ್ಕ ಇಟ್ಟರೆ ಚಿಕ್ಕದು.

ಹೊರಗಿನ ಪೌಳಿಯ ಸುತ್ತ ಒಂದು ಸಲ ನಡೆದು ನೋಡಿ. ಗೋಡೆಯ ಮೇಲೆ ಒಂದರ ಮೇಲೊಂದು ಪಟ್ಟಿಗಳಿವೆ. ತೀರಾ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆಗಳು, ಅವುಗಳ ಲಗಾಮು ಹಿಡಿದ ಪರದೇಶದವರು. ಆಮೇಲೆ ಕಾಲಾಳುಗಳು. ಆಮೇಲೆ ಕುಣಿಯುವ, ವಾದ್ಯ ನುಡಿಸುವ ಹೆಂಗಸರು. ಇದು ಅರಸನ ಸೈನ್ಯ, ಅರಸನ ಮೆರವಣಿಗೆ. ಬಾಗಿಲು ದಾಟಿ ಒಳಗೆ ಬಂದರೆ ಗುಡಿಯ ಗೋಡೆಯ ಮೇಲೆ ಸಾಲುಸಾಲಾಗಿ ರಾಮಾಯಣದ ಕಥೆ.

ಹೊರಗೆ ದೇವರಾಯನ ಸೈನ್ಯ, ಒಳಗೆ ರಾಮನ ಕಥೆ. ಅರಸನೇ ರಾಮ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಎರಡನ್ನೂ ಒಂದೇ ಗುಡಿಯ ಎರಡು ಗೋಡೆಯ ಮೇಲೆ ಇಟ್ಟು, ನಡೆದು ಬಂದವರೇ ಅದನ್ನು ಜೋಡಿಸಿಕೊಳ್ಳುವ ಹಾಗೆ ಬಿಟ್ಟಿದ್ದಾರೆ. ಬಾಯಿಬಿಟ್ಟು ಹೇಳಿದ್ದರೆ ಅದು ಜಂಭ ಆಗುತ್ತಿತ್ತು, ಅಪಚಾರವೂ ಆಗುತ್ತಿತ್ತು. ಪಕ್ಕದಲ್ಲಿ ಇಟ್ಟರೆ ಅದು ಆದರ್ಶ ಆಗುತ್ತದೆ: ರಾಮನ ಹಾಗೆ ಆಳಬೇಕಾದವನು ಇಲ್ಲಿದ್ದಾನೆ. ಇದೇ ಗುಡಿಯಲ್ಲಿರುವ ಒಂದು ಸಂಸ್ಕೃತ ಶಾಸನ ದೇವರಾಯನನ್ನು ಪಂಪಾದೇವಿ ಕಾಯುತ್ತಾಳೆ ಎನ್ನುತ್ತದೆ. ರಾಮನ ಗುಡಿಯ ಕಲ್ಲಿನ ಮೇಲೆ ಶಿವನ ಹೆಂಡತಿಯ ಹೆಸರು. ಶೈವ, ವೈಷ್ಣವ ಎಂದು ಅರಸರನ್ನು ಖಾನೆ ಮಾಡಿ ಹಾಕುವವರು ಈ ಸಾಲಿನ ಮುಂದೆ ಒಂದು ಕ್ಷಣ ನಿಲ್ಲಬೇಕು.

ಗೋಡೆಗಿಂತ ದೊಡ್ಡ ವಿಷಯ ಈ ಗುಡಿಯ ಜಾಗ. 1980ರ ದಶಕದಲ್ಲಿ ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರ ತಂಡ ಹಂಪಿಯನ್ನು ಅಳೆದು ನಕ್ಷೆ ಮಾಡಿತು. ಅರಮನೆ ಪ್ರದೇಶದ ದಾರಿಗಳು ಈ ಗುಡಿಯ ಕಡೆಗೆ ಬಂದು ಸೇರುವುದು ಅವರಿಗೆ ಕಂಡಿತು. ಗುಡಿಯ ಒಂದು ಕಡೆ ಅರಸನ ದರ್ಬಾರು, ಉತ್ಸವಗಳ ಜಾಗ. ಇನ್ನೊಂದು ಕಡೆ ವಾಸದ ಅರಮನೆಗಳು. ಅರಸ ಜನರಿಗೆ ಕಾಣುವ ಬದುಕಿಗೂ ಕಾಣದ ಬದುಕಿಗೂ ನಡುವೆ ರಾಮ ನಿಂತಿದ್ದಾನೆ. ಗುಡಿಯಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ಮತಂಗ ಬೆಟ್ಟದ ತುದಿಗೆ ಹೋಗುತ್ತದೆ. ಈಶಾನ್ಯದ ಕಡೆಗೆ ಮಾಲ್ಯವಂತ ಬೆಟ್ಟ.

ಯಾಕೆ ಆ ಎರಡು ಬೆಟ್ಟ? ಈ ಸೀಮೆ ಕಿಷ್ಕಿಂಧೆ ಎಂದು ಜನ ನಂಬಿದ್ದರು, ಈಗಲೂ ನಂಬುತ್ತಾರೆ. ನದಿಯ ಆಚೆ ಅಂಜನಾದ್ರಿ, ಪಂಪಾಸರೋವರ. ಸೀತೆಯನ್ನು ಹುಡುಕಿ ಬಂದ ರಾಮ ಮಳೆಗಾಲ ಕಳೆದದ್ದು ಮಾಲ್ಯವಂತದಲ್ಲಿ. ಅಲ್ಲಿ ಅವನು ಕಾದ, ದಂಡು ಕೂಡಿಸಿದ. ಮತಂಗ ಋಷಿಯ ಶಾಪದಿಂದಾಗಿ ವಾಲಿ ಕಾಲಿಡಲು ಆಗದ ನೆಲ ಮತಂಗದ್ದು. ಸುಗ್ರೀವನಿಗೆ ರಕ್ಷಣೆ ಸಿಕ್ಕಿದ್ದು ಅಲ್ಲಿ. ಒಂದು ಬೆಟ್ಟ ವೈರಿ ಕಾಲಿಡಲಾಗದ ಜಾಗ, ಇನ್ನೊಂದು ಗೆಲ್ಲುವ ಮುಂಚೆ ತಯಾರಾಗುವ ಜಾಗ. ಸುತ್ತ ಬಲವಾದ ನೆರೆರಾಜ್ಯಗಳಿದ್ದ ಅರಸ ತನ್ನ ರಾಮನ ಗುಡಿಯನ್ನು ಈ ಎರಡಕ್ಕೂ ಜೋಡಿಸಿ ಕಟ್ಟಿದ. ಇದನ್ನು ತಿಳಿದ ದಿನ ನನಗೆ ಮೈ ಜುಮ್ಮೆಂದಿತ್ತು.

ಇದೇ ಕೆಲಸವನ್ನು ಬೇರೆ ರೀತಿ ಮಾಡಿದ್ದು ಮಹಾನವಮಿ ದಿಬ್ಬ. ಸುಮಾರು 8 ಮೀಟರ್ ಎತ್ತರದ ಕಲ್ಲಿನ ವೇದಿಕೆ. ಮೇಲಿದ್ದ ಮರದ ಮಂಟಪ ಈಗಿಲ್ಲ. 1520ರ ಹೊತ್ತಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ವಿಜಯದ ಮನೆ ಎಂದು ಕರೆದ. ಕೃಷ್ಣದೇವರಾಯ ಒಡಿಶಾದ ಮೇಲಿನ ಯುದ್ಧದಿಂದ ಮರಳಿದ ಮೇಲೆ ಕಟ್ಟಿಸಿದ್ದು ಎಂದು ಅವನಿಗೆ ಯಾರೋ ಹೇಳಿದ್ದರು. ಕಲ್ಲು ನೋಡಿದರೆ ಕಥೆ ಇನ್ನೂ ಹಳೆಯದು. ದಿಬ್ಬ ಒಂದೇ ಸಲ ಎದ್ದದ್ದಲ್ಲ, ಹಂತಹಂತವಾಗಿ ಬೆಳೆದದ್ದು. ಕೆಳಗಿನ ಕಣಶಿಲೆಯ ಗೋಡೆಯ ಮೇಲೆ ಬೇಟೆ, ಕುಸ್ತಿ, ಕೋಲಾಟ, ಆನೆ, ಒಂಟೆ, ಉದ್ದ ಟೋಪಿಯ ವಿದೇಶಿಯರು. ಒಂದು ಬದಿಗೆ ಆಮೇಲಿನ ಕಾಲದ ಹಸಿರು ಛಾಯೆಯ ನಯವಾದ ಕಲ್ಲಿನ ಹೊದಿಕೆ. ಹಿಂದಿನವರ ಕೆಲಸವನ್ನು ಕೆಡವದೆ ಅದರ ಮೇಲೆ ತನ್ನ ಪದರ ಸೇರಿಸಿದ ಅರಸ, ಅವರ ಪರಂಪರೆಗೂ ತಾನೇ ವಾರಸುದಾರ ಎಂದು ಹೇಳಿದಂತಾಯಿತು.

ಅಲ್ಲಿ ನಡೆಯುತ್ತಿದ್ದದ್ದು ಒಂಬತ್ತು ದಿನದ ಹಬ್ಬ. ದೇವಿಯ ಪೂಜೆ, ಬಲಿ, ಕುಸ್ತಿ, ಕುಣಿತ, ಬಾಣಬಿರುಸು, ಕೊನೆಗೆ ಸೈನ್ಯದ ತಪಾಸಣೆ. ಅರಸನ ಕೆಳಗೆ ಸೀಮೆಗಳನ್ನು ಆಳುತ್ತಿದ್ದ ಎಲ್ಲ ನಾಯಕರೂ ಬರಲೇಬೇಕು. 1535ರ ಸುಮಾರಿನಲ್ಲಿ ಬರೆದ ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವೊ ನೂನಿಸ್, ಇನ್ನೊಂದು ವಿಷಯ ಹೇಳುತ್ತಾನೆ. ನಾಯಕರು ಅರಸನಿಗೆ ಕೊಡಬೇಕಾದ ವರ್ಷದ ಹಣ ಒಪ್ಪಿಸುತ್ತಿದ್ದದ್ದು ಈ ಒಂಬತ್ತು ದಿನಗಳಲ್ಲೇ. ಅಂದರೆ ದಿಬ್ಬ ಪೂಜೆಯ ಜಾಗವೂ ಹೌದು, ಲೆಕ್ಕ ತೀರಿಸುವ ಜಾಗವೂ ಹೌದು, ಯಾರು ನಿಷ್ಠರು ಯಾರು ಬಂದಿಲ್ಲ ಎಂದು ಎಲ್ಲರ ಕಣ್ಣೆದುರು ಗೊತ್ತಾಗುವ ಜಾಗವೂ ಹೌದು. ಅರಸ ಎತ್ತರದಲ್ಲಿ, ನಾಯಕರು ಕೆಳಗೆ. ಸಿಂಹಾಸನದ ಮೇಲೆ ಮಾತ್ರ ದೇವರು, ಅರಸ ಅದರ ಕೆಳಗೆ ಕೂರುತ್ತಿದ್ದ.

ಈ ಹಬ್ಬ ಎಲ್ಲಿಗೆ ಹೋಯಿತು ಎಂದು ನಮಗೆಲ್ಲ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅಲ್ಲಿ ನವರಾತ್ರಿ ಉತ್ಸವ ಶುರು ಮಾಡಿದರು. ವಿಜಯನಗರದ ವಾರಸುದಾರಿಕೆ ತಮ್ಮದು ಎಂದು ಸಾರಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಮುಂದೆ ಅದು ಮೈಸೂರು ದಸರಾ ಆಯಿತು. ಮೊದಲು ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿ ಇದ್ದಾಳೆ.

ಇಷ್ಟು ಓದಿದರೆ ಇದೆಲ್ಲ ಒಂದೇ ಧರ್ಮದ ಭಾಷೆ ಅನ್ನಿಸಬಹುದು. ಹಜಾರರಾಮ ಗುಡಿಯಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಚಿತ್ರ ಬದಲಾಗುತ್ತದೆ. ಕಮಲ ಮಹಲಿನಲ್ಲಿ ಕೆಳಗೆ ಅಲೆಅಲೆಯಾದ ಕಮಾನುಗಳು, ಮೇಲೆ ಗುಡಿಯ ಶಿಖರದ ಹಾಗೆ ಮೆಟ್ಟಿಲು ಮೆಟ್ಟಿಲಾದ ಚಾವಣಿ. ಅದರಾಚೆ ಆನೆ ಲಾಯ, ಸಾಲಾಗಿ ಹನ್ನೊಂದು ಕೋಣೆ, ಮೇಲೆ ಗುಮ್ಮಟಗಳ ಸಾಲು. ಈ ಕಮಾನು, ಗುಮ್ಮಟ, ಗಾರೆ ಕೆಲಸ ನೆರೆಯ ಸುಲ್ತಾನರ ಬಹಮನಿ ರಾಜ್ಯದ ಕಲಬುರಗಿ, ಬೀದರ್‌ಗಳಲ್ಲೂ ಕಾಣುವಂಥದು.

ಇದನ್ನು ಪ್ರಭಾವ ಎಂದು ಕರೆದು ಮುಂದೆ ಹೋಗುವುದು ಸಾಲದು. ಅರಸರು ಇದನ್ನು ಎಲ್ಲಿ ಬಳಸಿದರು ಎಂದು ನೋಡಬೇಕು. ದೊಡ್ಡ ಗುಡಿಗಳ ಗರ್ಭಗುಡಿಯಲ್ಲಿ ಕಮಾನಿಲ್ಲ, ಅಲ್ಲಿ ಕಂಬ ಮತ್ತು ತೊಲೆ. ಅರಮನೆಯ ಮಂಟಪ, ಲಾಯ, ಸ್ನಾನಗೃಹಗಳಲ್ಲಿ ಕಮಾನು ಮತ್ತು ಗುಮ್ಮಟ. ಕೃಷ್ಣ ಗುಡಿಯ ಪಕ್ಕದ ಕಣಜದ ಮೇಲೂ ಗುಮ್ಮಟಗಳಿವೆ. ದೇವರ ಜೊತೆ ಮಾತಾಡಲು ಒಂದು ಭಾಷೆ, ದಖ್ಖನ್ನಿನ ಇತರ ಅರಸರ ಜೊತೆ ಸಮನಾಗಿ ನಿಲ್ಲಲು ಇನ್ನೊಂದು. ಉಡುಪಿನಲ್ಲೂ ಇದೇ ಆಯಿತು. ದರ್ಬಾರಿನಲ್ಲಿ ಸುಲ್ತಾನರ ಆಸ್ಥಾನದ ಮಾದರಿಯ ಉದ್ದನೆಯ ಕುಲಾವಿ ಟೋಪಿ, ಕಬಾಯಿ ಅಂಗಿ. ತಿರುಮಲದ ಗುಡಿಯಲ್ಲಿ ಕೈ ಮುಗಿದು ನಿಂತ ಕೃಷ್ಣದೇವರಾಯನ ಲೋಹದ ವಿಗ್ರಹದ ತಲೆಯ ಮೇಲೂ ಅದೇ ಉದ್ದ ಟೋಪಿ ಇದೆ. ಬಿರುದಿನಲ್ಲೂ ಅಷ್ಟೇ. ಒಂದನೇ ಬುಕ್ಕನ ಕಾಲದಿಂದ ಈ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ ಪದವೇ, ಸಂಸ್ಕೃತದ ಉಡುಪು ಹಾಕಿಕೊಂಡಿದೆ. ಹಿಂದೂ ಅರಸರಲ್ಲಿ ಸುಲ್ತಾನ. ಈ ಬಿರುದಿನ ಮೊದಲರ್ಧವನ್ನಷ್ಟೇ ಹಿಡಿದು ಎಳೆಯುವವರೂ ತಪ್ಪು, ಎರಡನೆಯ ಅರ್ಧವನ್ನಷ್ಟೇ ಎಳೆಯುವವರೂ ತಪ್ಪು.

ಒಂದು ಸಣ್ಣ ಕಟ್ಟಡದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಒಂದು ಮಸೀದಿ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ, ಅರಸ ದೇವರಾಯನಿಗೆ ಪುಣ್ಯ ಬರಲೆಂದು ಕಟ್ಟಿಸಿದ್ದು ಎನ್ನುತ್ತದೆ. ಕಟ್ಟಡಕ್ಕೆ ಕಮಾನಿಲ್ಲ, ಗುಮ್ಮಟವಿಲ್ಲ. ಗುಡಿಯ ಮುಂದಿನ ಮಂಟಪದ ಹಾಗೆ ಕಲ್ಲಿನ ಕಂಬ, ಕಲ್ಲಿನ ತೊಲೆ. ರಾಯರ ಆನೆಗಳಿಗೆ ಗುಮ್ಮಟ, ರಾಯರ ಮುಸ್ಲಿಂ ಅಧಿಕಾರಿಯ ಮಸೀದಿಗೆ ಗುಡಿಯ ಕಂಬ! ಇವೆರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಊರಿನಲ್ಲಿ ಕಟ್ಟಡದ ಶೈಲಿ ಎಂದರೆ ಜಾತಿಯ ಗುರುತಲ್ಲ ಎಂದು ತಾನಾಗಿಯೇ ತಿಳಿಯುತ್ತದೆ. ಅಹಮದ್ ಖಾನ್ ತನ್ನ ಅರಸನ ಊರಿನ ಭಾಷೆಯಲ್ಲಿ ತನ್ನ ದೇವರಿಗೆ ಜಾಗ ಮಾಡಿದ, ಅದರ ಪುಣ್ಯವನ್ನು ಅರಸನಿಗೆ ಬಿಟ್ಟುಕೊಟ್ಟ.

ಹಾಗೆಂದು ಆ ಕಾಲ ಎಲ್ಲರೂ ಕೂಡಿ ನಕ್ಕ ಕಾಲ ಎಂದು ನಾನು ಹೇಳುತ್ತಿಲ್ಲ. ಕೃಷ್ಣ ಗುಡಿಯನ್ನೇ ನೋಡಿ. ಕೃಷ್ಣದೇವರಾಯ ಒಡಿಶಾದ ಗಜಪತಿ ಅರಸನಿಂದ ಉದಯಗಿರಿ ಕೋಟೆ ಗೆದ್ದು, ಅಲ್ಲಿದ್ದ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದ. 1515ರಲ್ಲಿ ಅದನ್ನು ಪ್ರತಿಷ್ಠೆ ಮಾಡಿದ. ಗಜಪತಿಯೂ ಹಿಂದೂ ಅರಸನೇ. ಸೋತವನ ದೇವರನ್ನು ತಂದು ತನ್ನ ರಾಜಧಾನಿಯಲ್ಲಿ ಅದ್ದೂರಿ ಗುಡಿ ಕಟ್ಟಿ ಪೂಜಿಸುವುದು ಭಕ್ತಿ. ಇನ್ನು ಈ ದೇವರು ಕಾಯುವುದು ನನ್ನನ್ನು, ನಿನ್ನನ್ನಲ್ಲ ಎಂದು ಸೋತವನಿಗೆ ಹೇಳುವುದು ರಾಜಕೀಯ. ಎರಡೂ ಒಂದೇ ಕಟ್ಟಡ. ಗೋಪುರದ ಗಾರೆ ಶಿಲ್ಪಗಳಲ್ಲಿ ಕುದುರೆ ಏರಿದ ಯೋಧರು ಈಗಲೂ ಕಾಣುತ್ತಾರೆ. ಆ ಬಾಲಕೃಷ್ಣ ಮಾತ್ರ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದ್ದಾನೆ, ಹಂಪಿಯ ಗರ್ಭಗುಡಿ ಖಾಲಿ.

1565ರಲ್ಲಿ ದಖ್ಖನ್ನಿನ ಸುಲ್ತಾನರ ಎದುರು ಸೋತ ರಕ್ಕಸಗಿ-ತಂಗಡಗಿ (ತಾಳಿಕೋಟೆ) ಯುದ್ಧದ ನಂತರ ಊರು ಸುಟ್ಟಿತು. ಮರದ ಅರಮನೆಗಳು ಬೂದಿಯಾದವು, ಅವುಗಳ ಕಲ್ಲಿನ ಜಗತಿ ಮಾತ್ರ ಉಳಿಯಿತು. ಅದಕ್ಕೇ ಇವತ್ತು ನಮಗೆ ಹಂಪಿ ಎಂದರೆ ಗುಡಿಗಳ ಊರು ಅನ್ನಿಸುತ್ತದೆ. ಅರಸರು ಬದುಕಿದ ಅರ್ಧ ಊರು ಕಣ್ಣಿಗೆ ಕಾಣುವುದೇ ಇಲ್ಲ.

ಈಗಿನ ವಿಷಯಕ್ಕೆ ಬರೋಣ. ಹಂಪಿ 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 41 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶ, 1,600ಕ್ಕೂ ಹೆಚ್ಚು ಅವಶೇಷಗಳು. 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು. ಕಾರಣ ಯಾವುದೋ ಗುಡಿ ಬಿದ್ದದ್ದಲ್ಲ. ಆನೆಗೊಂದಿಗೆ ಹೋಗಲು ನದಿಗೆ ಕಟ್ಟುತ್ತಿದ್ದ ತೂಗುಸೇತುವೆ, ಅದರಿಂದ ಬರುವ ವಾಹನ, ಹಾಳಾಗುವ ನೋಟ. ಆಗ ಹಲವರಿಗೆ ಇದು ಅತಿಯಾಯಿತು ಅನ್ನಿಸಿತ್ತು. ನದಿ ದಾಟಲು ಜನರಿಗೆ ಸೇತುವೆ ಬೇಡವೇ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನದಿ, ಆಚೆ ದಡದ ಬೆಟ್ಟಗಳು, ಈಚೆ ದಡದ ಗುಡಿಗಳು ಸೇರಿ ಒಂದೇ ವಾಕ್ಯ. ನಡುವೆ ಕಾಂಕ್ರೀಟು ನಿಲ್ಲಿಸಿದರೆ ಒಂದು ಕಲ್ಲೂ ಬೀಳದೆ ಅರ್ಥ ಬೀಳುತ್ತದೆ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೆಲಸಗಾರರು ಸತ್ತರು.

2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಇದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಇದರ ಬಗ್ಗೆ ನನ್ನ ಮನಸ್ಸು ಇನ್ನೂ ಎರಡಾಗಿಯೇ ಇದೆ. ಮಂಟಪದ ಕಂಬಕ್ಕೆ ಸಿಮೆಂಟು ಮೆತ್ತಿದ್ದು, ಕಲ್ಲಿಗೆ ಮೊಳೆ ಹೊಡೆದದ್ದು ಸರಿಯಲ್ಲ. ಆದರೆ ಆ ಬೀದಿಯನ್ನು ಕಟ್ಟಿದ್ದೇ ಜನ ತುಂಬಲಿ, ವ್ಯಾಪಾರ ನಡೆಯಲಿ, ಯಾತ್ರಿಗೆ ಊಟ ಸಿಗಲಿ ಎಂದು. ಜನರನ್ನು ಪೂರ್ತಿ ಖಾಲಿ ಮಾಡಿಸಿದ ಬಜಾರು ಅರಸರು ಕಟ್ಟಿದ ಬಜಾರಲ್ಲ. ಕಲ್ಲನ್ನು ಉಳಿಸಿ ಬದುಕನ್ನೂ ಉಳಿಸುವ ದಾರಿ ಹುಡುಕಲು ಇನ್ನಷ್ಟು ಸಮಯ, ಇನ್ನಷ್ಟು ಕರುಣೆ ಬೇಕಿತ್ತು. ಖಾಲಿ ಮಾಡಿಸಿದ ಮೇಲೆ ಮಂಟಪಗಳು ತಾವಾಗಿ ಗಟ್ಟಿಯಾಗಲಿಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿ ಬಳಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು.

ನಮ್ಮ ಸಂರಕ್ಷಣೆ ಈಗಲೂ ಬಹುಮಟ್ಟಿಗೆ ಕಟ್ಟಡದ ಸುತ್ತ ಬೇಲಿ ಹಾಕಿ, ಹುಲ್ಲುಹಾಸು ಬೆಳೆಸಿ, ಟಿಕೆಟ್ ಕೊಡುವ ಸಂರಕ್ಷಣೆ. ವಿಠ್ಠಲ ಗುಡಿಗೆ ಒಂದು ಬೇಲಿ, ಕಮಲ ಮಹಲಿಗೆ ಒಂದು. ಪ್ರವಾಸಿ ಬೇಲಿಯಿಂದ ಬೇಲಿಗೆ ಗಾಡಿಯಲ್ಲಿ ಹೋಗುತ್ತಾನೆ. ಹಳೆಯ ದಾರಿಗಳು ಪೊದೆ ಬೆಳೆದು ಮುಚ್ಚುತ್ತವೆ. ಬಾಗಿಲಿನಿಂದ ಬೆಟ್ಟಕ್ಕೆ ಹೋಗುವ ನೋಟದ ಗೆರೆಗೆ ಯಾವ ಬೇಲಿಯೂ ಇಲ್ಲ, ಫಲಕವೂ ಇಲ್ಲ. ಕೋಟಿಗಟ್ಟಲೆ ಹಣ ಕೇಳದ ಕೆಲಸಗಳು ಎಷ್ಟೋ ಇವೆ. ಹಜಾರರಾಮ ಗುಡಿಯ ಮುಂದೆ ದಾರಿಗಳ ನಕ್ಷೆ ಇಡಬಹುದು. ಮತಂಗ, ಮಾಲ್ಯವಂತಗಳ ಕಡೆಯ ನೋಟಕ್ಕೆ ಅಡ್ಡ ಬರುವ ಏನನ್ನೂ ಕಟ್ಟಬಾರದೆಂದು ಗುರುತು ಮಾಡಬಹುದು. ಅಹಮದ್ ಖಾನ್ ಧರ್ಮಸಾಲೆಯನ್ನು ಶಾಲಾ ಮಕ್ಕಳ ಪ್ರವಾಸದ ದಾರಿಗೆ ಸೇರಿಸಬಹುದು. ಗೈಡುಗಳಲ್ಲಿ ಇದನ್ನೆಲ್ಲ ಚೆನ್ನಾಗಿ ತಿಳಿದವರಿದ್ದಾರೆ. ಕೇಳುವವರಿಗೆ ಸಮಯವಿಲ್ಲ, ಅಷ್ಟೇ.

ಮುಂದಿನ ಸಲ ಹಂಪಿಗೆ ಹೋದಾಗ ಕಲ್ಲಿನ ತೇರನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮುಂಚೆ ಹಜಾರರಾಮ ಗುಡಿಗೆ ಹೋಗಿ. ಮೊದಲು ಹೊರಗೋಡೆಯ ಆನೆ, ಕುದುರೆಗಳ ಜೊತೆ ಒಂದು ಸುತ್ತು ಬನ್ನಿ. ಆಮೇಲೆ ಒಳಗೆ ಬಂದು ರಾಮನ ಕಥೆಯ ಸುತ್ತ ಇನ್ನೊಂದು ಸುತ್ತು. ಕೊನೆಗೆ ಅಂಗಳದ ಉತ್ತರದ ಬಾಗಿಲ ಕಡೆ ಮುಖ ಮಾಡಿ ನಿಂತು ತಲೆ ಎತ್ತಿ. ದೂರದಲ್ಲಿ ಮತಂಗದ ತುದಿ ಕಾಣುತ್ತದೆ. ಅಲ್ಲಿರುವುದು ವೀರಭದ್ರನ ಗುಡಿ.